ಮಲಗಿಸಿ ಎಬ್ಬಿಸಬಹುದಾದ ಆಟ

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಸಾಧನಗಳ ಮಾತು ಬಂದಾಗಲೆಲ್ಲ, ಅವುಗಳನ್ನು ಬಸ್ಸು, ರೈಲು, ವಿಮಾನ ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದು ಎಂಬುದನ್ನೇ ಮೊದಲ ಅನುಕೂಲವೆಂದು ಹೇಳುವುದು ರೂಢಿ. ಅಂಥದ್ದೇ ಸಾಧನವಾದ ನನ್ನ ಸ್ಟೀಮ್ ಡೆಕ್ ಮನೆಯ ಹೊಸ್ತಿಲು ದಾಟುವುದೇ ಅಪರೂಪ. ಹಾಗಿದ್ದರೂ, ಕೋಣೆಯ ಮೂಲೆಯಲ್ಲಿರುವ, ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಬಿಟ್ಟು ನಾನು ಹೆಚ್ಚು ಹೊತ್ತು ಆಡುವುದು ಇದರಲ್ಲೇ. ಅದಕ್ಕೆ ಮುಖ್ಯ ಕಾರಣ ಅದರ ಮೇಲಂಚಿನಲ್ಲಿರುವ ಸಣ್ಣದೊಂದು ಪವರ್ ಬಟನ್.

ಆ ಬಟನ್ ಒತ್ತಿದರೆ ಆಟ ಇದ್ದಲ್ಲಿಯೇ ನಿಲ್ಲುತ್ತದೆ. ಪರದೆಯೂ ಪ್ರೊಸೆಸರೂ ಆರಿಹೋಗಿ, ಆಟದ ಅಷ್ಟೂ ಸ್ಥಿತಿ 16 ಜಿಬಿ ರ್‍ಯಾಮ್‌ನಲ್ಲಿ ಹಾಗೆಯೇ ಉಳಿದು, ಅದನ್ನು ಕಾಪಾಡಲು ಬೇಕಾದಷ್ಟು ವಿದ್ಯುತ್ ಮಾತ್ರ ಬ್ಯಾಟರಿಯಿಂದ ಹರಿಯುತ್ತಿರುತ್ತದೆ. ಕುಕ್ಕರ್ ಮೂರನೆಯ ಸೀಟಿ ಹೊಡೆದಾಗ, ಎದುರಾಳಿಯ ಕತ್ತಿ ನನ್ನ ಪಾತ್ರದ ತಲೆಯ ಮೇಲೆ ಎತ್ತಿದ್ದಂತೆಯೇ, ನಾನು ಸಾಧನವನ್ನು ಸೋಫಾದ ಮೇಲಿಟ್ಟು ಎದ್ದು ಹೋಗುತ್ತೇನೆ. ಊಟವೆಲ್ಲ ಮುಗಿದ ಮೇಲೆ ಮತ್ತೆ ಅದೇ ಬಟನ್ ಒತ್ತಿದರೆ ಕತ್ತಿ ಅದೇ ಎತ್ತರದಲ್ಲಿರುತ್ತದೆ, ಮತ್ತು ನನ್ನ ಬೆರಳು ಸರಿಯಾಗಿ ಕೂರುವ ಮೊದಲೇ ಇಳಿದೂ ಬಿಡುತ್ತದೆ. (ಇಂಥದ್ದೇ ಇನ್ನೊಂದು ಸಾಧನವಾದ ನಿಂಟೆಂಡೊ ಸ್ವಿಚ್ ಎಚ್ಚರವಾದೊಡನೆ ಒಂದೇ ಬಟನ್ನನ್ನು ಮೂರು ಸಲ ಒತ್ತಿಸಿಕೊಳ್ಳುತ್ತದೆ, ಬೆರಳಿಗೆ ಅಷ್ಟಾದರೂ ಪುರುಸೊತ್ತು ಸಿಗುತ್ತದೆ.)

ಕಂಪ್ಯೂಟರಿಗೂ ಸ್ಲೀಪ್ ಉಂಟಲ್ಲ ಎಂದು ಕೇಳಬಹುದು. ಉಂಟು, ಆದರೆ ದೊಡ್ಡದೊಂದು ಆಟ ನಡೆಯುತ್ತಿರುವಾಗ ಅದನ್ನು ನಂಬಿ ಮಲಗಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಎದ್ದ ಮೇಲೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಡ್ರೈವರ್ ತಂತ್ರಾಂಶ ಒಂದು ಕಡೆ, ಆಟ ಇನ್ನೊಂದು ಕಡೆ ಮುಖ ಮಾಡಿಕೊಂಡು ಕಪ್ಪು ಪರದೆಯಷ್ಟೇ ಉಳಿಯುವುದುಂಟು. ಹೀಗಾಗಿ ಪ್ರತಿ ಸಲವೂ ಮೊದಲಿನಿಂದ ತೊಡಗಬೇಕು: ವಿಂಡೋಸ್ ತೆರೆದುಕೊಳ್ಳಬೇಕು, ಆಟಗಳನ್ನು ಮಾರಿ ನಡೆಸುವ ಸ್ಟೀಮ್ ತಂತ್ರಾಂಶ ತನ್ನ ಅಪ್‌ಡೇಟ್ ಮುಗಿಸಬೇಕು, ಅದರೊಳಗಿನ ಆಟ ತನ್ನ ಕಂಪನಿಯ ಇನ್ನೊಂದು ಲಾಂಚರನ್ನು (ಆಟ ಶುರುಮಾಡುವ ಪ್ರೋಗ್ರಾಮನ್ನು) ಎಬ್ಬಿಸಬೇಕು, ಆ ಲಾಂಚರ್ ಮರೆತುಹೋದ ಪಾಸ್‌ವರ್ಡ್ ಕೇಳಬೇಕು. ಅರ್ಧ ಗಂಟೆ ಬಿಡುವಿರುವವನಿಗೆ ಇದು ದುಬಾರಿ.

ಇದರ ಮೇಲೆ ಶೇಡರ್‌ಗಳ ತಾಪತ್ರಯ. ಬೆಳಕು, ನೆರಳು, ನೀರಿನ ಹೊಳಪು ಇವನ್ನೆಲ್ಲ ಹೇಗೆ ಬಿಡಿಸಬೇಕೆಂದು ಗ್ರಾಫಿಕ್ಸ್ ಚಿಪ್‌ಗೆ ತಿಳಿಸುವ ಪುಟ್ಟ ಪ್ರೋಗ್ರಾಮುಗಳಿಗೆ ಶೇಡರ್ ಎನ್ನುತ್ತಾರೆ, ಮತ್ತು ಅವು ಆಯಾ ಚಿಪ್ ಹಾಗೂ ಡ್ರೈವರಿಗೆ ತಕ್ಕಂತೆ ಕಂಪೈಲ್ ಆಗಬೇಕು, ಅಂದರೆ ಚಿಪ್ಪಿನ ಭಾಷೆಗೆ ಬದಲಾಗಬೇಕು. ಕಂಪ್ಯೂಟರುಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲವಾದ್ದರಿಂದ ಆ ಕೆಲಸ ನಮ್ಮ ಮನೆಯಲ್ಲೇ, ನಾವು ಕಾಯುತ್ತಿರುವಾಗಲೇ ನಡೆಯುತ್ತದೆ. ಕೆಲವು ಆಟಗಳಲ್ಲಂತೂ ನಡುವೆಯೇ ನಡೆದು, ಹೊಸ ಬಾಗಿಲು ತೆರೆದಾಗಲೆಲ್ಲ ಚಿತ್ರ ಗಕ್ಕನೆ ನಿಂತು ಮುಂದುವರಿಯುತ್ತದೆ. ಸ್ಟೀಮ್ ಡೆಕ್ ಕೊಂಡವರೆಲ್ಲರ ಬಳಿ ಇರುವುದು ಹೆಚ್ಚುಕಡಿಮೆ ಒಂದೇ ಚಿಪ್ ಆದ್ದರಿಂದ, ಕಂಪೈಲ್ ಆದ ಶೇಡರ್‌ಗಳು ಬಹುಪಾಲು ಆಟದ ಜೊತೆಗೇ ಡೌನ್‌ಲೋಡ್ ಆಗಿಬಿಡುತ್ತವೆ.

ಇಷ್ಟು ಸಣ್ಣ ಯಂತ್ರಕ್ಕೆ ದೊಡ್ಡ ಆಟಗಳನ್ನು ನಡೆಸುವ ತ್ರಾಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಪರದೆಯಲ್ಲಿದೆ. 2022ರಲ್ಲಿ ಬಂದ ಮೊದಲ ಡೆಕ್‌ನ ಪರದೆ 7 ಇಂಚಿನದು, 1280×800 ಪಿಕ್ಸೆಲ್‌ಗಳದು, ಅಂದರೆ ಸುಮಾರು ಹತ್ತು ಲಕ್ಷ ಚುಕ್ಕಿಗಳು. 4ಕೆ ಮಾನಿಟರಿನಲ್ಲಿ ಇದರ ಎಂಟು ಪಟ್ಟು ಚುಕ್ಕಿಗಳಿಗೆ ಸೆಕೆಂಡಿಗೆ ಅರವತ್ತು ಸಲ ಬಣ್ಣ ತುಂಬಿಸಬೇಕು. ಆ ಹೊರೆಗೆಂದೇ ಮಾಡಿದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದೇ 450 ವಾಟ್‌ವರೆಗೆ ಎಳೆಯುತ್ತದೆ. ಡೆಕ್‌ನ ಚಿಪ್ ಗರಿಷ್ಠ 15 ವಾಟ್‌ನಲ್ಲಿ ಮುಗಿಸುತ್ತದೆ. ಬೆಂಗಳೂರಿನ ಬೇಸಿಗೆಯ ಸಂಜೆ ಕರೆಂಟ್ ಹೋದಾಗ ಈ ಲೆಕ್ಕ ಕಾಗದದ ಮೇಲಿನದಾಗಿ ಉಳಿಯುವುದಿಲ್ಲ. ಡೆಸ್ಕ್‌ಟಾಪಿನ ಯುಪಿಎಸ್ ಸೇವ್ ಮಾಡಿ ಮುಚ್ಚುವಷ್ಟು ಸಮಯ ಕೊಟ್ಟು ಕಿರುಚತೊಡಗಿದರೆ, ಡೆಕ್‌ಗೆ ಕರೆಂಟ್ ಹೋದದ್ದೇ ತಿಳಿಯುವುದಿಲ್ಲ.

ಕಡಿಮೆಯಲ್ಲಿ ತೃಪ್ತಿಪಡುವ ಈ ಜಾಣತನ ಹಳೆಯದು. ನಿಂಟೆಂಡೊ ಕಂಪನಿಯ ವಿನ್ಯಾಸಕ ಗುನ್‌ಪೇ ಯೊಕೊಯಿ 1989ರ ಕೈಸಾಧನ ಗೇಮ್ ಬಾಯ್‌ಗೆ ಬಣ್ಣವಿಲ್ಲದ, ಹಿಂಬದಿಯ ದೀಪವೂ ಇಲ್ಲದ ಹಸಿರು ಪರದೆಯನ್ನೇ ಆರಿಸಿದರು. ಬಣ್ಣದ ಪರದೆಯ ಸೆಗಾ ಗೇಮ್ ಗಿಯರ್ ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ಹೀರಿ ಮುಗಿಸುತ್ತಿದ್ದರೆ, ಗೇಮ್ ಬಾಯ್ ನಾಲ್ಕು ಸೆಲ್‌ಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಗೆದ್ದದ್ದು ಯಾವುದೆಂದು ಎಲ್ಲರಿಗೂ ಗೊತ್ತು. ಈಗಿನವು ಈ ವಿಷಯದಲ್ಲಿ ಹಿಂದೆ ಬಿದ್ದಿವೆ ಎಂದೇ ಹೇಳಬೇಕು: ಡೆಕ್‌ನ ಮೊದಲ ಮಾದರಿ ಭಾರಿ ಆಟಗಳಿಗೆ ಎರಡು ಗಂಟೆ ತಡೆದರೆ ಹೆಚ್ಚು, ಸ್ಟಾರ್‌ಡ್ಯೂ ವ್ಯಾಲಿಯಂಥ ಹಗುರ ಆಟಗಳಿಗೆ ಮಾತ್ರ ಅದರ ಹಲವು ಪಟ್ಟು.

ಎಲ್ಲವೂ ಇದರಲ್ಲಿ ಸುಖವೆಂದಲ್ಲ. ನಕ್ಷೆಯ ತುಂಬ ಸೈನ್ಯಗಳನ್ನು ಓಡಾಡಿಸುವ ಸ್ಟ್ರಾಟೆಜಿ ಆಟಗಳಿಗೆ ಮೌಸ್ ಬೇಕೇ ಬೇಕು. ಅವುಗಳ ಇರುವೆಗಾತ್ರದ ಅಕ್ಷರಗಳನ್ನು 7 ಇಂಚಿನಲ್ಲಿ ಓದುವುದು ಕಣ್ಣಿಗೆ ಶಿಕ್ಷೆ. ಆನ್‌ಲೈನ್ ಗುಂಡಿನಾಟ ವಾಲೊರಂಟ್‌ನ ಮೋಸತಡೆ ವ್ಯವಸ್ಥೆ ಡೆಕ್‌ನ ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಸ್ಟೀಮ್‌ಓಎಸ್‌ನಲ್ಲಿ ನಡೆಯುವುದೇ ಇಲ್ಲ. 669 ಗ್ರಾಂ ತೂಕವನ್ನು ಮಲಗಿಕೊಂಡು ಮುಖದ ಮೇಲೆ ಎತ್ತಿ ಹಿಡಿಯುವವರು ಮೂಗಿನ ಬಗ್ಗೆ ಕಾಳಜಿ ವಹಿಸುವುದು ಒಳಿತು. ಡೆಕ್ ಆಗಲಿ ಸ್ವಿಚ್ ಆಗಲಿ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲವಾದ್ದರಿಂದ, ಆಮದು ಮಾಡಿ ಮಾರುವವರಲ್ಲಿ ಹೆಚ್ಚು ಬೆಲೆ ತೆತ್ತು ಕೊಂಡರೂ ಕಂಪನಿಯ ವಾರಂಟಿ ಇಲ್ಲಿ ಸಿಗುವುದಿಲ್ಲ. ಆಸುಸ್‌ನ ರಾಗ್ ಆಲೈ ಇಲ್ಲಿಯೇ ಸಿಗುತ್ತದೆ, ಆದರೆ ಅದು ವಿಂಡೋಸ್ ಯಂತ್ರ. ನನಗೆ ಬೇಕಾದ ನಿಶ್ಚಿಂತ ನಿದ್ದೆಯ ಬಗ್ಗೆ ಮತ್ತೆ ಅದೇ ಅನುಮಾನ.

ಡೆಕ್ ಹಾಗೂ ಕಂಪ್ಯೂಟರ್ ಎರಡನ್ನೂ ಇಟ್ಟುಕೊಂಡು, ಒಂದೇ ಆಟವನ್ನು ಸೇವ್‌ಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಳ್ಳುವ ಸ್ಟೀಮ್ ಕ್ಲೌಡ್ ಮೂಲಕ ಇಲ್ಲೊಮ್ಮೆ ಅಲ್ಲೊಮ್ಮೆ ಆಡುವವರಿಗೆ ಒಂದು ಮಾತು. ಕೆಲವು ಆಟಗಳು ಡೆಕ್ ಮಲಗುವಾಗಲೇ ಸೇವ್ ಕಳಿಸುವ ಸೌಲಭ್ಯವನ್ನು ಅಳವಡಿಸಿಕೊಂಡಿವೆ. ಉಳಿದವುಗಳಲ್ಲಿ ಆಟವನ್ನು ಪೂರ್ತಿ ಮುಚ್ಚಿದ ಹೊರತು ಸೇವ್ ಕ್ಲೌಡಿಗೆ ಏರುವುದಿಲ್ಲ, ಕಂಪ್ಯೂಟರ್ ತೆರೆದಾಗ ಹಳೆಯ ಪ್ರತಿಯೇ ಎದುರಾಗುತ್ತದೆ. ಹಾಗಾಗಿ ಭಾನುವಾರ ದೊಡ್ಡ ಪರದೆಯಲ್ಲಿ ಮುಂದುವರಿಸುವ ಯೋಚನೆಯಿದ್ದರೆ, ಶನಿವಾರ ರಾತ್ರಿ ಡೆಕ್‌ನಲ್ಲಿ ಆಟವನ್ನು ಮಲಗಿಸದೆ ಮುಚ್ಚಿಯೇ ಎದ್ದೇಳಿ.