ಲೆಮೆಕನಿಂದ ಶುರುವಾಗುತ್ತಿದ್ದ ಪಾಠ

ನಮ್ಮ ಹಳೇ ಒಡಂಬಡಿಕೆ ತರಗತಿಯಲ್ಲಿ ಬಹುಪತ್ನಿತ್ವದ ಪಾಠ ಶುರುವಾಗುತ್ತಿದ್ದುದು ಲೆಮೆಕನಿಂದ. ಆದಿಕಾಂಡ 4:19ರಲ್ಲಿ ಆದಾ, ಚಿಲ್ಲಾ ಇಬ್ಬರನ್ನೂ ಕಟ್ಟಿಕೊಂಡ ಈತನೇ ಬೈಬಲಿನ ಮೊದಲ ಬಹುಪತ್ನಿಕ. ನಾಲ್ಕು ವಚನ ದಾಟಿದರೆ, ಕೊಲೆ ಮಾಡಿದೆನೆಂದು ಅದೇ ಹೆಂಡಿರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಆದರೂ ಗುರುಗಳು ತಕ್ಷಣ ತೀರ್ಪು ಕೊಡಲು ಬಿಡುತ್ತಿರಲಿಲ್ಲ. ಇದು ಕಥೆಯೋ, ಕಟ್ಟಳೆಯೋ, ಆದರ್ಶವೋ? ಮೊದಲು ಅದನ್ನು ಹೇಳಬೇಕಿತ್ತು.

ಹೆಚ್ಚು ಹೊತ್ತು ಹಿಡಿಯುತ್ತಿದ್ದುದು ಕಟ್ಟಳೆಗಳೇ. ದಾಸಿಯಾಗಿ ತಂದವಳ ಮೇಲೆ ಇನ್ನೊಬ್ಬಳನ್ನು ಮದುವೆಯಾದರೆ ಮೊದಲಿನವಳಿಗೆ ಅನ್ನ, ಬಟ್ಟೆ, ದಾಂಪತ್ಯದ ಹಕ್ಕು ಮೂರೂ ಕಡಿಮೆಯಾಗಕೂಡದು. ಕಡಿಮೆಯಾದರೆ ಅವಳು ಹಣ ತೆರದೆ ಹೊರಟುಹೋಗಬಹುದು (ವಿಮೋಚನಕಾಂಡ 21:10-11). ಮೆಚ್ಚಿದವಳ ಮಗನಿಗಾಗಿ, ಮೆಚ್ಚದವಳ ಚೊಚ್ಚಲ ಮಗನ ಎರಡು ಪಾಲು ತಪ್ಪಿಸುವಂತಿಲ್ಲ (ಧರ್ಮೋಪದೇಶಕಾಂಡ 21:15-17). ಹೆಂಡತಿ ಬದುಕಿರುವಾಗ ಅವಳ ಅಕ್ಕತಂಗಿಯನ್ನು ಸವತಿಯಾಗಿ ತರಕೂಡದು (ಯಾಜಕಕಾಂಡ 18:18). ಅಕ್ಕತಂಗಿಯರಿಬ್ಬರನ್ನೂ ಕಟ್ಟಿಕೊಂಡ ಯಾಕೋಬನ ಮನೆಯೇ ಇಲ್ಲಿ ಸಿಕ್ಕಿಬೀಳುತ್ತದೆ! ತನ್ನ ಗಂಡನ ಇನ್ನೊಬ್ಬ ಹೆಂಡತಿ ಹನ್ನಳನ್ನು ಕೆಣಕುವ ಪೆನಿನ್ನಳಿಗೆ ಹೀಬ್ರೂವಿನಲ್ಲಿ ‘ಚಾರಾ’ ಎಂಬ ಮಾತಿದೆ. ಸಂಕಟ ಎಂಬ ಪದಕ್ಕೂ ಅದೇ ರೂಪ. ಕನ್ನಡದಲ್ಲಿ ‘ಸವತಿ’ ಎಂದರೆ ಸಾಕು, ವ್ಯಾಖ್ಯಾನ ಬೇಡ.

ಉತ್ತರಪತ್ರಿಕೆಗಳು ಎಡವುತ್ತಿದ್ದುದು ಎರಡು ಕಡೆ. ‘ಬೈಬಲ್ ಮೊದಲಿನಿಂದಲೇ ನಿಷೇಧಿಸಿದೆ’ ಎಂದು ಬರೆದರೆ ಅಂಕ ಹೋಯಿತು. ಹಳೇ ಒಡಂಬಡಿಕೆಯಲ್ಲಿ ಎಲ್ಲರಿಗೂ ಅನ್ವಯಿಸುವ ನೇರ ನಿಷೇಧವಿಲ್ಲ. ಹೆಂಡಿರನ್ನು ಹೆಚ್ಚಿಸಿಕೊಳ್ಳಬಾರದೆಂಬ ಧರ್ಮೋಪದೇಶಕಾಂಡ 17:17 ಅರಸನಿಗೆ ಮಾತ್ರ. ಸೊಲೊಮೋನನ 700 ಪತ್ನಿಯರು, 300 ಉಪಪತ್ನಿಯರ ವಿಷಯದಲ್ಲೂ ದೂರು ಅವರು ಅವನ ಮನಸ್ಸನ್ನು ಅನ್ಯದೇವತೆಗಳತ್ತ ತಿರುಗಿಸಿದರೆಂಬುದು. ಇನ್ನೊಂದು ತಪ್ಪು, ಸೌಲನ ಪತ್ನಿಯರನ್ನು ದೇವರೇ ದಾವೀದನಿಗೆ ಕೊಟ್ಟನೆಂಬ 2 ಸಮುವೇಲ 12:8ನ್ನು ಅಪ್ಪಣೆಚೀಟಿ ಮಾಡಿಕೊಳ್ಳುವುದು. ಅದು ದಾವೀದನು ಊರೀಯನ ಹೆಂಡತಿಯನ್ನು ಕಸಿದುಕೊಂಡದ್ದಕ್ಕೆ ಪ್ರವಾದಿ ನಾತಾನನು ಗದರಿದ ಮಾತು. ಹಾಗೆಂದು ವಚನದ ಮುಜುಗರ ಪೂರ್ತಿ ಕರಗುವುದಿಲ್ಲ, ನಿಜ.

ಮತ್ತಾಯ 19ರಲ್ಲಿ ಯೇಸುವಿಗೆ ಕೇಳಿದ್ದು ವಿಚ್ಛೇದನದ ಬಗ್ಗೆ. ಆದರೂ ಅಲ್ಲಿ ‘ಇಬ್ಬರು ಒಂದೇ ಶರೀರ’ ಎಂದಿದೆ. ಆದಿಕಾಂಡ 2:24ರ ಹೀಬ್ರೂ ಮೂಲದಲ್ಲಿ ‘ಇಬ್ಬರು’ ಇಲ್ಲ, ಗ್ರೀಕ್ ಅನುವಾದದಲ್ಲಿ ಇದೆ. ಏಕಪತ್ನಿತ್ವದ ವಾದ ನಿಲ್ಲುವುದು ಬಹುಮಟ್ಟಿಗೆ ಈ ಒಂದು ಪದದ ಮೇಲೆ. ಸಭಾಧ್ಯಕ್ಷನು ‘ಏಕಪತ್ನಿಯುಳ್ಳವನು’ ಆಗಿರಬೇಕೆಂಬ 1 ತಿಮೊಥೆಯ 3:2ನ್ನು ಮಾತ್ರ 5:9ರ ‘ಒಬ್ಬನೇ ಗಂಡನಿದ್ದ’ ವಿಧವೆಯ ಜೊತೆಗಿಟ್ಟು ಓದಬೇಕು; ಆಗ ಅದು ನಿಷ್ಠೆಯ ಮಾತಿರಬಹುದು ಅನ್ನಿಸುತ್ತದೆ.

ಆಫ್ರಿಕಾದ ಸಭೆಗಳಿಗೆ ಇದು ಬರೀ ಪಾಠವಾಗಿರಲಿಲ್ಲ. ಆಂಗ್ಲಿಕನ್ ಬಿಷಪರ 1888ರ ಲ್ಯಾಂಬೆತ್ ಸಮ್ಮೇಳನ ಬಹುಪತ್ನಿಕ ಗಂಡಸಿಗೆ ದೀಕ್ಷಾಸ್ನಾನ ಬೇಡ ಎಂದಿತು. 1988ರಲ್ಲಿ ಅದೇ ಸಮ್ಮೇಳನ, ಇರುವ ಪತ್ನಿಯರು ಬದುಕಿರುವವರೆಗೆ ಮತ್ತೆ ಮದುವೆಯಾಗೆನೆಂದು ಮಾತು ಕೊಟ್ಟು, ಸ್ಥಳೀಯ ಸಭೆಯೂ ಒಪ್ಪಿದರೆ, ಅವನನ್ನು ಸೇರಿಸಿಕೊಳ್ಳಬಹುದೆಂದಿತು. ಯಾವ ಹೆಂಡತಿಯನ್ನೂ ಬಿಡುವಂತೆ ಬಲವಂತ ಮಾಡಬಾರದು, ಬಿಟ್ಟರೆ ಬೀದಿಪಾಲಾಗುವವಳು ಅವಳೇ.