ಎಲ್ಲರೂ ಕೇಳುವ ಪ್ರಶ್ನೆ: ಹೊಸ ಕಲೆಕ್ಷನ್‌ಗೆ ಮೊದಲು ಚಿತ್ರ ಬರೆದುಕೊಳ್ತೀರಾ?

"ಮೊದಲು ಚಿತ್ರ ಬರೆದುಕೊಂಡು, ಆಮೇಲೆ ಅದಕ್ಕೆ ಒಪ್ಪುವ ಬಟ್ಟೆ ಹುಡುಕ್ತೀರಾ?" ಉಡುಪು ವಿನ್ಯಾಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಗಿರಣಿ ಬಟ್ಟೆಯಾದರೆ ಹಾಗೆ ಮಾಡಬಹುದು, ಬೇಕಾದದ್ದು ಅಂಗಡಿಯಲ್ಲಿ ಸಿಗುತ್ತದೆ. ಕೈಮಗ್ಗದಲ್ಲಿ ಆಗುವುದಿಲ್ಲ. ಇಲ್ಲಿ ಮೊದಲು ನೂಲು, ಆಮೇಲೆ ಬಣ್ಣ, ಆಮೇಲೆ ಒಂದು ತುಂಡು ಮಾದರಿ ಬಟ್ಟೆ. ಚಿತ್ರದ ಸರದಿ ಬರುವುದು ಅದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ. ಬಾಗಲಕೋಟೆ ಜಿಲ್ಲೆಯ ಕೈಮಗ್ಗದ ಹತ್ತಿ, ಜೊತೆಗೆ ಅಲ್ಲಲ್ಲಿ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಒಟ್ಟು 18 ವಿನ್ಯಾಸಗಳ ಒಂದು ಬೇಸಿಗೆ ಕಲೆಕ್ಷನ್ ಎಂದು ಇಟ್ಟುಕೊಳ್ಳಿ. ಕೆಲಸ ಸಾಗುವ ಬಗೆ ಹೀಗೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದಲ್ಲ, ಅಷ್ಟರೊಳಗೆ ಬೇಸಿಗೆ ಬಟ್ಟೆ ಅಂಗಡಿಯಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ: ಹೊಲಿಗೆ ಡಿಸೆಂಬರ್‌–ಜನವರಿ, ಮಾದರಿ ಉಡುಪು ನವೆಂಬರ್. ಅಂದರೆ ನೇಯ್ಗೆ ಅಕ್ಟೋಬರ್‌ಗೆ ಮುಗಿಯಬೇಕು. ತೊಂದರೆ ಇರುವುದೇ ಇಲ್ಲಿ. ಬಾಗಲಕೋಟೆ ಕಡೆ ಮಳೆ ಹೆಚ್ಚುವುದು ಸೆಪ್ಟೆಂಬರ್ ಹೊತ್ತಿಗೆ. ಗಂಜಿ ಹಾಕಿದ ಹಾಸು (ಬಟ್ಟೆಯ ಉದ್ದಕ್ಕೆ ಬರುವ ಎಳೆಗಳು) ಸರಿಯಾಗಿ ಒಣಗದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಪದೇಪದೇ ಹರಿಯುತ್ತವೆ. ಗುಂಡಿ ಮಗ್ಗದಲ್ಲಿ ನೆಲದ ತೇವವೂ ಸೇರುತ್ತದೆ. ಇದರ ಜೊತೆಗೆ ದಸರಾ, ದೀಪಾವಳಿಯ ಸೀರೆ ಬೇಡಿಕೆ ಬರುವುದೂ ಅದೇ ದಿನಗಳಲ್ಲಿ. ಆಗ ಹೋಗಿ ಮಗ್ಗ ಕೇಳಿದರೆ ಖಾಲಿ ಇರುವುದಿಲ್ಲ, ಇರಲೂಬಾರದು. ನೇಕಾರರಿಗೆ ವರ್ಷದಲ್ಲಿ ಕೈತುಂಬ ಕೆಲಸವಿರುವ ಕಾಲ ಅದು. ಹಾಗಾಗಿ ಮಾತುಕತೆ ಮೇ ತಿಂಗಳಲ್ಲೇ ಆಗಿ, ನೂಲು ಜೂನ್‌ನಲ್ಲಿ ತಲುಪಿರಬೇಕು.

ಇನ್ನು ಬಣ್ಣ. ಕಲೆಕ್ಷನ್ನಿನ ನಿಜವಾದ ವಿನ್ಯಾಸ ಇಲ್ಲೇ ಆಗುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಾದಾಮಿಯ ಬಂಡೆಯ ಕೆಂಪು, ಒಣಗಿದ ಜೋಳದ ದಂಟಿನ ಹಳದಿ, ಬಾದಾಮಿಯದೇ ಅಗಸ್ತ್ಯತೀರ್ಥ ಕೆರೆಯ ಹಸಿರು, ಬಣ್ಣ ಹಾಕದ ಹತ್ತಿಯ ಬಿಳುಪು, ಇವನ್ನು ಆರಿಸಿಕೊಳ್ಳುವುದು ಕಷ್ಟವಲ್ಲ. ಆದರೆ ನೇಯ್ದ ಬಟ್ಟೆಯಲ್ಲಿ ಕಣ್ಣಿಗೆ ಬೀಳುವುದು ಹಾಸು, ಅಡ್ಡಕ್ಕೆ ಬರುವ ಹೊಕ್ಕು ಎರಡೂ ಬೆರೆತ ಬಣ್ಣ. ಬಿಳಿ ಹಾಸಿನ ಮೇಲೆ ಕೆಂಪು ಹೊಕ್ಕು ಹಾಯಿಸಿದರೆ ಬರುವುದು ತೆಳು ಇಟ್ಟಿಗೆ ಬಣ್ಣ. ಕೆಂಪು ಹಾಸಿನ ಮೇಲೆ ಹಸಿರು ಹೊಕ್ಕು ಹಾಯಿಸಿದರೆ ಎರಡೂ ಒಂದನ್ನೊಂದು ನುಂಗಿ ಮಂಕು ಕಂದು ಉಳಿಯುತ್ತದೆ. ನೂಲಿನ ಲಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಒಂದು ಪರೀಕ್ಷೆಯ ತುಂಡು ನೇಯಿಸಬೇಕು: ಹಾಸಿನಲ್ಲಿ ನಾಲ್ಕು ಬಣ್ಣದ ಪಟ್ಟೆ, ಒಂದೊಂದೂ ನಾಲ್ಕು ಇಂಚು; ಹೊಕ್ಕಿನಲ್ಲಿ ಆರು ಬಣ್ಣ, ಅವೂ ನಾಲ್ಕು ನಾಲ್ಕು ಇಂಚು. ಒಂದೇ ತುಂಡಿನಲ್ಲಿ 24 ಚೌಕ ಸಿಗುತ್ತವೆ. ಅದನ್ನು ಟ್ಯೂಬ್‌ಲೈಟ್ ಕೆಳಗಲ್ಲ, ಬಿಸಿಲಿಗೆ ತಂದು ನೋಡಬೇಕು, ಏಕೆಂದರೆ ಈ ಉಡುಪುಗಳು ಓಡಾಡುವುದು ಬಿಸಿಲಿನಲ್ಲಿ.

ಆ 24ರಲ್ಲಿ ಹತ್ತು ಚೌಕ ಚೆನ್ನಾಗಿ ಕಂಡರೂ ಹತ್ತನ್ನೂ ತೆಗೆದುಕೊಳ್ಳಲಾಗದು. 44 ಇಂಚು ಅಗಲದ ಬಟ್ಟೆಗೆ ಇಂಚಿಗೆ 60 ಎಳೆಯಂತೆ 2640 ಎಳೆಗಳ ಹಾಸು ಬೇಕು. ಹಾಸಿನ ಬಣ್ಣ ಬದಲಾದರೆ ಅಷ್ಟೂ ಎಳೆಗಳನ್ನು ಹೊಸದಾಗಿ ಹೂಡಿ, ಹಳೆಯದರ ತುದಿಗೆ ಒಂದೊಂದಾಗಿ ಕೈಯಿಂದ ಜೋಡಿಸಬೇಕು. ಹೊಕ್ಕಿನ ಬಣ್ಣಕ್ಕಾದರೋ ಲಾಳಿಯೊಳಗಿನ ಕಂಡಿಕೆ (ನೂಲು ಸುತ್ತಿದ ಕಡ್ಡಿ) ಬದಲಿಸಿದರೆ ಸಾಕು. ಆದ್ದರಿಂದ ಎರಡು ಹಾಸು, ಪ್ರತಿಯೊಂದಕ್ಕೂ ಮೂರು ಹೊಕ್ಕು, ಒಟ್ಟು ಆರು ಬಟ್ಟೆ. ಒಂದೇ ಹಾಸಿನ ಮೂರು ಬಟ್ಟೆಗಳು ಅಕ್ಕತಂಗಿಯರ ಹಾಗೆ, ಬೇರೆಬೇರೆಯಾದರೂ ಹೋಲಿಕೆ ಇರುತ್ತದೆ. ಕಲೆಕ್ಷನ್‌ಗೆ ಒಂದು ಮನೆತನದ ಕಳೆ ಬರುವುದು ಇದರಿಂದಲೇ. ನೂಲಿಗೆ ಬಣ್ಣ ಹಾಕಿಸುವಾಗ ಪೂರ್ತಿ ನೂಲನ್ನು ಒಂದೇ ಸಲ ಹಾಕಿಸಿ. ಎರಡನೇ ಸಲ ಹಾಕಿಸಿದ ಕೆಂಪು ಮೊದಲಿನದಕ್ಕೆ ಸರಿಹೊಂದುವುದು ಅಪರೂಪ, ತೋಳು ಒಂದು ಕೆಂಪು, ಮೈ ಇನ್ನೊಂದು ಕೆಂಪು ಆಗುತ್ತದೆ.

ಚಿತ್ರ ಬರೆಯುವುದು ಈಗ. ಐವತ್ತು ಅರವತ್ತು ಬರೆದರೆ 18 ಉಳಿಯುತ್ತವೆ. ಪ್ರತಿ ಮೇಲುಡುಪೂ ಕನಿಷ್ಠ ಎರಡು ಕೆಳಉಡುಪಿಗೆ ಹೊಂದಬೇಕು, ಹೊಂದದ್ದು ಎಷ್ಟೇ ಚೆಂದವಿರಲಿ ಹೊರಗೆ.

ಲೆಕ್ಕವೂ ಈಗಲೇ. ಐದು ಅಳತೆಗಳಲ್ಲಿ 1, 2, 3, 2, 1ರಂತೆ ಒಂದು ವಿನ್ಯಾಸಕ್ಕೆ 9, ಹದಿನೆಂಟಕ್ಕೆ 162 ಉಡುಪು. ಒಂದಕ್ಕೆ ಸರಾಸರಿ 2.6 ಮೀಟರ್ ಎಂದರೆ ಸುಮಾರು 421 ಮೀಟರ್. ಕುಗ್ಗುವುದಕ್ಕೆ ಶೇ. 5, ನೇಯ್ಗೆ ದೋಷಕ್ಕೆ ಶೇ. 3 ಸೇರಿಸಿ 460 ಮೀಟರ್ ಹೇಳಬೇಕು. ಸಾದಾ ಬಟ್ಟೆ ಒಂದು ಮಗ್ಗದಲ್ಲಿ ದಿನಕ್ಕೆ ನಾಲ್ಕು ಮೀಟರ್ ಎಂದುಕೊಂಡರೂ 115 ಮಗ್ಗದ ದಿನಗಳು. ನಾಲ್ಕು ಮಗ್ಗ ಸಿಕ್ಕರೆ ಒಂದು ತಿಂಗಳು. ಹಾಸು ಹೂಡುವುದು, ಹಬ್ಬದ ರಜೆ, ಮಳೆ ಎಲ್ಲ ಸೇರಿ ಎರಡು ತಿಂಗಳು.

ಮಗ್ಗ ನಡೆಯುತ್ತಿರುವಾಗ ಇತ್ತ ಅಷ್ಟೇ ತೂಕದ ಕೋರಾ (ಬಣ್ಣ ಹಾಕದ) ಬಟ್ಟೆಯಲ್ಲಿ ಹೊಲಿದು ಮೈಮೇಲೆ ಹಾಕಿ ನೋಡಬೇಕು. ನಿಂತು ನೋಡಿದರೆ ಸಾಲದು. ನೆಲಕ್ಕೆ ಕೂರಬೇಕು, ಬಸ್ಸಿನ ಕಂಬಿ ಹಿಡಿಯುವಂತೆ ಕೈ ಎತ್ತಬೇಕು, ಸ್ಕೂಟರ್ ಹತ್ತಬೇಕು. ಕೈಮಗ್ಗದ ಸಡಿಲ ನೇಯ್ಗೆ ಬಗಲಲ್ಲಿ, ಬೆನ್ನಿನಲ್ಲಿ ಎಳೆತಕ್ಕೆ ಸಿಕ್ಕಿದರೆ ಹೊಲಿಗೆ ಗಟ್ಟಿಯಿದ್ದರೂ ಎಳೆ ಸರಿದು ಜಾಳಾಗುತ್ತದೆ. ಎದೆಸುತ್ತಳತೆಗೆ 8ರಿಂದ 10 ಸೆಂ.ಮೀ. ಸಡಿಲ, 1.5 ಸೆಂ.ಮೀ. ಹೊಲಿಗೆ ಮಾರ್ಜಿನ್, ಅಂಚು ಒಳಗೆ ಮುಚ್ಚಿಹೋಗುವ ಫ್ರೆಂಚ್ ಹೊಲಿಗೆ, ಇವು ಬೇಕೇ ಬೇಕು.

ಬಟ್ಟೆ ಬಂದ ಕೂಡಲೇ ಕತ್ತರಿ ಹಾಕಬೇಡಿ. 50 ಸೆಂ.ಮೀ. ಚೌಕ ಗುರುತು ಮಾಡಿ, ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಅಳೆಯಿರಿ. 47.5 ಆಗಿದ್ದರೆ ಶೇ. 5 ಕುಗ್ಗಿದೆ. ಉದ್ದಕ್ಕೂ ಅಗಲಕ್ಕೂ ಬೇರೆಬೇರೆ ಬರಬಹುದು, ಎರಡನ್ನೂ ಬರೆದಿಡಿ. ಪೂರ್ತಿ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿದ ಮೇಲೆಯೇ ಕತ್ತರಿಸುವುದು.

ಖಣದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅದು ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಅಗಲ ಕಡಿಮೆ. ಇಡೀ ಕುರ್ತಾ ಮಾಡಹೊರಟರೆ ಕಂಡಲ್ಲೆಲ್ಲ ಜೋಡಣೆ ಬೀಳುತ್ತದೆ. ಭುಜಪಟ್ಟಿ, ಕಾಲರ್, ಜೇಬಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ತೇರಿನಂಥ ಚಿತ್ತಾರಕ್ಕೆ ಮೇಲುಕೆಳಗು ಇರುವುದರಿಂದ ತುಂಡುಗಳನ್ನು ತಿರುಗಿಸಿಟ್ಟು ಬಟ್ಟೆ ಉಳಿಸಲು ಹೋಗಬಾರದು. ಖಣ ಮತ್ತು ಹತ್ತಿ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಮೊದಲ ಒಗೆತಕ್ಕೇ ಭುಜದ ಬಳಿ ನೆರಿಗೆ ಏಳುತ್ತದೆ, ಹಾಗಾಗಿ ಎರಡನ್ನೂ ನೆನೆಸಿಯೇ ಜೋಡಿಸಬೇಕು. ಗಾಢ ಕೆಂಪು ಖಣದ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿಟ್ಟು ನೋಡಿ. ಬಣ್ಣ ಅಂಟಿದರೆ ಆ ಖಣ ಬಿಳಿ ಹತ್ತಿಯ ಪಕ್ಕ ಬರಬಾರದು.

ಕಸೂತಿ ಬೇಕೆಂದರೆ ಅದರ ಹೊಲಿಗೆಗಳಲ್ಲಿ ಗವಂತಿ, ಮುರಗಿ ಎರಡನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಬೇಸಿಗೆ ಉಡುಪಿಗೆ ಲೈನಿಂಗ್ ಇರುವುದಿಲ್ಲ, ಒಳಮೈ ಕಾಣುತ್ತದೆ. ಈ ಎರಡು ಹೊಲಿಗೆಗಳಿಗೆ ಹಿಂದುಮುಂದು ಎರಡೂ ಒಂದೇ. ಕಸೂತಿ ಹಾಕುವುದು ಬಟ್ಟೆ ಕುಗ್ಗಿದ ಮೇಲೆ, ಕತ್ತರಿಸುವ ಮೊದಲು, ತುಂಡಿನ ಆಕಾರವನ್ನು ದಾರದಲ್ಲಿ ಗುರುತು ಮಾಡಿಕೊಂಡು. ಕುಗ್ಗದ ಬಟ್ಟೆಯ ಮೇಲೆ ಹಾಕಿದರೆ ಕಸೂತಿಯ ಗೋಪುರದ ಚಿತ್ತಾರದ ಸುತ್ತ ಬಟ್ಟೆ ಮುದುಡಿಕೊಳ್ಳುತ್ತದೆ, ಯಾವ ಇಸ್ತ್ರಿಗೂ ಅದು ಬಗ್ಗುವುದಿಲ್ಲ. ಇದು ಎಳೆ ಎಣಿಸಿ ಹಾಕುವ ಕೆಲಸ, ಹಾಗಾಗಿ ಯಾವ ಉಡುಪಿಗೆ ಕಸೂತಿ ಎಂಬುದನ್ನು ನೂಲು ಆರಿಸುವಾಗಲೇ ತೀರ್ಮಾನಿಸಿರಬೇಕು. ತೀರ ಸಣ್ಣ ನೂಲಿನ ಒತ್ತು ನೇಯ್ಗೆಯಲ್ಲಿ ಎಳೆ ಕಣ್ಣಿಗೆ ಸಿಗುವುದಿಲ್ಲ.