ಎಂಜಿನ್ ನಿಂತುಹೋದರೆ?

"ಮೇಲೆ ಹೋದಾಗ ಎಂಜಿನ್ ನಿಂತುಹೋದ್ರೆ ಏನ್ ಮಾಡ್ತೀರಾ?"

ನಾನು ಗೈರೊಕಾಪ್ಟರ್ ಹಾರಿಸುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಕೆಲವರು ಕೇಳುವಾಗ ಅಂಗೈ ಮೇಲೆತ್ತಿ ಮೇಜಿಗೆ ಪಟ್ಟಂತ ಬಡಿದು ತೋರಿಸುತ್ತಾರೆ. ಒಮ್ಮೆ ಸಂಬಂಧಿಕರೊಬ್ಬರು ಹೀಗೆ ಬಡಿದದ್ದು ನಮ್ಮಮ್ಮನ ಎದುರಿಗೆ. ಅಮ್ಮ ಆಗ ಏನೂ ಹೇಳಲಿಲ್ಲ. ಆದರೆ ಆವತ್ತಿನಿಂದ ನಾನು ಹಾರಲು ಹೊರಟಾಗಲೆಲ್ಲ "ಇಳಿದ ತಕ್ಷಣ ಫೋನ್ ಮಾಡು" ಅನ್ನುತ್ತಾಳೆ. ಆ ಅಂಗೈ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಎಂಜಿನ್ ನಿಂತರೆ ಇಳಿಯುತ್ತೇನೆ. ಅಷ್ಟೇ ಉತ್ತರ.

ತಲೆ ಮೇಲೆ ತಿರುಗುವ ರೋಟರನ್ನು ನೋಡಿ ಎಲ್ಲರೂ ಇದನ್ನು ಚಿಕ್ಕ ಹೆಲಿಕಾಪ್ಟರ್ ಅಂದುಕೊಳ್ಳುತ್ತಾರೆ. ಅಲ್ಲ. ಹೆಲಿಕಾಪ್ಟರಿನಲ್ಲಿ ರೋಟರನ್ನು ತಿರುಗಿಸುವುದು ಎಂಜಿನ್. ನಮ್ಮದರಲ್ಲಿ ಗಾಳಿ. ಬೆನ್ನ ಹಿಂದಿನ ಎಂಜಿನ್ ಪ್ರೊಪೆಲ್ಲರ್ ತಿರುಗಿಸಿ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಸ್ವಲ್ಪ ಹಿಂದಕ್ಕೆ ವಾಲಿರುವ ರೋಟರಿನೊಳಗೆ ಗಾಳಿ ಕೆಳಗಿನಿಂದ ನುಗ್ಗುತ್ತದೆ, ಅದು ಗಿರಗಿಟ್ಟಲೆ ಹಾಗೆ ತಿರುಗುತ್ತಲೇ ಇರುತ್ತದೆ. ಎಂಜಿನ್ ನಿಂತರೆ ನಾವು ಕೆಳಗಿಳಿಯಲು ಶುರುಮಾಡುತ್ತೇವೆ. ಕೆಳಗಿಳಿದರೆ ಗಾಳಿ ಕೆಳಗಿನಿಂದ ಬರದೆ ಇರುತ್ತಾ? ರೋಟರ್ ತಿರುಗುತ್ತಲೇ ಇರುತ್ತದೆ.

ಈ ಬಗೆಯ ಯಂತ್ರವನ್ನು ಮೊದಲು ಹಾರಿಸಿ ತೋರಿಸಿದ ಸ್ಪೇನಿನ ಎಂಜಿನಿಯರ್ ಹುವಾನ್ ದೆ ಲಾ ಸಿಯೆರ್ವಾ ಇದರ ಹಿಂದೆ ಬಿದ್ದದ್ದೇ ಈ ಕಾರಣಕ್ಕೆ. ಅವರು ಕಟ್ಟಿದ ಮೂರು ಎಂಜಿನ್ನಿನ ವಿಮಾನ 1919ರಲ್ಲಿ ನೆಲಕ್ಕೆ ಹತ್ತಿರದಲ್ಲೇ ವೇಗ ಕಳೆದುಕೊಂಡು ಬಿತ್ತು. ವೇಗ ಕಮ್ಮಿಯಾದರೂ ದೊಪ್ಪನೆ ಬೀಳದ ಯಂತ್ರ ಬೇಕು ಅಂತ ಹಟ ಹಿಡಿದರು. ಮೊದಲಿನ ಕೆಲವು ಯಂತ್ರಗಳು ಪಕ್ಕಕ್ಕೆ ಮಗುಚಿಕೊಂಡವು. ಬ್ಲೇಡಿನ ಬುಡಕ್ಕೆ ಕೀಲು ಕೊಟ್ಟು, ಅದು ಮೇಲೆ ಕೆಳಗೆ ಆಡುವಂತೆ ಮಾಡಿದ ಮೇಲೆ, 1923ರ ಜನವರಿಯಲ್ಲಿ ಮ್ಯಾಡ್ರಿಡ್ ಹತ್ತಿರದ ಹೆಟಾಫೆಯಲ್ಲಿ ಹಾರಿತು. ಆ ಕೀಲಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೋ!

ಕಲಿಯುವಾಗ ಮೊದಲ ಸಲ ಬೋಧಕರು ಹೇಳದೆ ಕೇಳದೆ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು-ಕಮ್ಮಿ ಮಾಡುವ ಹಿಡಿಕೆ) ಹಿಂದಕ್ಕೆಳೆದದ್ದು ಸುಮಾರು 300 ಮೀಟರ್ ಎತ್ತರದಲ್ಲಿ. ಬೆನ್ನ ಹಿಂದಿನ ಗದ್ದಲ ಒಮ್ಮೆಲೇ ಇಳಿಯಿತು. ಮೂತಿ ಒಂದು ಕಡೆಗೆ ತಿರುಗಿತು. ಗಾಳಿಗೆ ನೇರವಾಗಿ ಹೋಗುತ್ತಿದ್ದೇವೋ ಇಲ್ಲವೋ ಅಂತ ತೋರಿಸಲು ಕಣ್ಣೆದುರಿಗೆ ಕಟ್ಟಿದ ಉಲ್ಲನ್ ದಾರ ಓರೆಯಾಯಿತು. ಪೆಡಲ್ ಒತ್ತಿದೆ, ದಾರ ನೆಟ್ಟಗಾಯಿತು. ತಲೆ ಮೇಲೆ ಮಾತ್ರ ಅದೇ ದಬ್ ದಬ್ ಸದ್ದು. ಏನೂ ಬದಲಾಗಿರಲಿಲ್ಲ. "ಕೈ ಸಡಿಲ ಬಿಡಿ, ಸ್ಟಿಕ್ ಜೊತೆ ಕುಸ್ತಿ ಬೇಡ. ಎಲ್ಲಿ ಇಳೀತೀರಾ, ತೋರಿಸಿ" ಅಂದರು. ಸ್ಟಿಕ್ ಅಂದರೆ ರೋಟರನ್ನು ವಾಲಿಸುವ ಹಿಡಿಕೆ. ಅಷ್ಟು ಎತ್ತರದಿಂದ ಹೆಚ್ಚೆಂದರೆ ಒಂದು ಕಿಲೋಮೀಟರ್ ಹೋಗಬಹುದು. ಹಾಗಾಗಿ ನನ್ನ ಕಣ್ಣು ಯಾವಾಗಲೂ ಕೆಳಗೆ ಒಂದು ಬಯಲು ಹುಡುಕುತ್ತಲೇ ಇರುತ್ತದೆ. ನೆಲಕ್ಕೆ ಹತ್ತಿರ ಇದ್ದು, ವೇಗವೂ ಇಲ್ಲದಿದ್ದರೆ ಕಷ್ಟ, ಅದು ನಿಜ. ಅದಕ್ಕೇ ಆ ಮೂಲೆಗೆ ನಾವು ಹೋಗುವುದಿಲ್ಲ.

ನೀವು ಕೇಳಬೇಕಾದದ್ದು ಬೇರೆಯೇ ಇದೆ. "ರೋಟರ್ ನಿಧಾನ ಆದ್ರೆ?" ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಕೇಳಿದ್ದರೆ ಕೂತು ಒಂದು ಗಂಟೆ ಹೇಳುತ್ತಿದ್ದೆ.

ಯಾಕಂದ್ರೆ ನಿಜವಾದ ಭಯ ಇರುವುದು ಅಲ್ಲಿ. ರೋಟರ್ ತಿರುಗಬೇಕಾದರೆ ಅದರ ಮೇಲೆ ನಮ್ಮ ಭಾರ ತೂಗುತ್ತಿರಬೇಕು. ಜೋರಾಗಿ ಮೇಲೇರುತ್ತಾ ಇರುವಾಗ ಸ್ಟಿಕ್ಕನ್ನು ಫಟ್ಟಂತ ಮುಂದಕ್ಕೆ ತಳ್ಳಿದರೆ ಸೀಟಿನಲ್ಲಿ ಮೈ ಹಗುರ ಆಗುತ್ತದೆ, ಜಾತ್ರೆಯ ತೊಟ್ಟಿಲು ಇಳಿಯುವಾಗ ಹೊಟ್ಟೆಯಲ್ಲಿ ಆಗುತ್ತಲ್ಲ, ಹಾಗೆ. ಆ ಕ್ಷಣ ರೋಟರಿಗೆ ಭಾರವಿಲ್ಲ, ಕೆಳಗಿನ ಗಾಳಿಯೂ ಇಲ್ಲ. ಅದು ತಿರುಗುವ ವೇಗ ಇಳಿಯುತ್ತದೆ. ಜಾಸ್ತಿ ಇಳಿದರೆ ಮತ್ತೆ ಬರುವುದಿಲ್ಲ. ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಪ್ರಯೋಜನವಿಲ್ಲ. ಅದಕ್ಕೇ ನಮ್ಮ ಕೈಗೆ ಮೊದಲು ಕಲಿಸುವುದು ನಿಧಾನವನ್ನು.

ಇಳಿಯುವುದಂತೂ ನನಗೆ ಹಾರುವುದಕ್ಕಿಂತ ಇಷ್ಟ. ಗಂಟೆಗೆ 100 ಕಿಲೋಮೀಟರ್ ಆಸುಪಾಸಿನಲ್ಲಿ ಬಂದು, ನೆಲದಿಂದ ಎರಡಾಳು ಎತ್ತರದಲ್ಲಿ ಸ್ಟಿಕ್ಕನ್ನು ಮೆತ್ತಗೆ ಹಿಂದಕ್ಕೆ ತರುತ್ತೇನೆ. ನೆಲ ಚಪ್ಪಟೆಯಾಗಿ ಪಕ್ಕದಲ್ಲೇ ಓಡತೊಡಗುತ್ತದೆ. ಅವಸರ ಮಾಡಬಾರದು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ವೇಗವೆಲ್ಲ ಮುಗಿದಾಗ ಹಿಂದಿನ ಚಕ್ರಗಳು ತಾವೇ ನೆಲ ಮುಟ್ಟುತ್ತವೆ. ಕೆಲವೇ ಮೀಟರ್ ಓಡಿ ನಿಲ್ಲುತ್ತದೆ.

ಮುಗಿಯಿತು ಅಂತ ನೋಡುವವರು ಓಡಿ ಬರುವುದು ಆಗಲೇ. ದಯವಿಟ್ಟು ಬರಬೇಡಿ. ಸುಮಾರು ಎಂಟು ಮೀಟರ್ ಅಗಲದ ರೋಟರ್ ಇನ್ನೂ ತಿರುಗುತ್ತಿದೆ. ನಿಧಾನವಾದಷ್ಟೂ ಬ್ಲೇಡಿನ ತುದಿ ಜೋತು ಬೀಳುತ್ತದೆ, ಗಾಳಿ ಬೀಸಿದರೆ ಇನ್ನೂ ಕೆಳಗೆ. ನಾನು ಸ್ಟಿಕ್ ಮುಂದಕ್ಕೆ ಒತ್ತಿ ಹಿಡಿದು, ರೋಟರಿಗೆ ಬ್ರೇಕ್ ಹಾಕಿ, ಅದರ ನೆರಳು ನೋಡುತ್ತಾ ಕೂತಿರುತ್ತೇನೆ. ನೆಲದ ಮೇಲಿನ ಆ ನೆರಳು ಪೂರ್ತಿ ನಿಂತ ಮೇಲೆ ಬನ್ನಿ. ಮೊದಲು ಅಮ್ಮನಿಗೆ ಒಂದು ಫೋನ್ ಮಾಡಿಬಿಡುತ್ತೇನೆ, ಆಮೇಲೆ ಮಾತಾಡೋಣ.